ಪಾಳಿ ಬರೆದವನ ಅರಿಶಿನ

ಶಶಿರೇಖಾ ಅಳಿಸಿದ್ದು ಒಂದೇ ಒಂದು ಕಾಲಂ. ಯಾರ ಮನೆಗೂ ಬೆಂಕಿ ಇಡಲಿಲ್ಲ, ಯಾರ ಕೊರಳನ್ನೂ ಕೊಯ್ಯಲಿಲ್ಲ. ಚಾಮರಾಜನಗರದ ಸ್ಟೇಷನ್ ರಸ್ತೆಯ ಎರಡು ಕೋಣೆಯ ಆಫೀಸಿನಲ್ಲಿ ಕೂತು, ಆರು ಕಾಲಂ ಇದ್ದ ಪಟ್ಟಿಯನ್ನು ಐದು ಮಾಡಿ ಪ್ರಿಂಟ್ ಒತ್ತಿದಳು, ಅಷ್ಟೇ. ಅಷ್ಟಕ್ಕೇ ಇಪ್ಪತ್ತು ದಿನದಿಂದ ಅವಳಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿಲ್ಲ ಎಂದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಆದರೆ ಆ ಒಂದು ಕಾಲಮ್ಮಿನಲ್ಲಿ ಪುಟ್ಟಮಾದಯ್ಯನ ಮಾನ ಇತ್ತು.

ಮೊದಲಿಂದ ಕೇಳಿ. ತೆರಕಣಾಂಬಿ ಸುತ್ತಿನ ಅರಿಶಿನ ಬೆಳೆಗಾರರು ಒಂದು ಕೂಟ ಕಟ್ಟಿಕೊಂಡು, ಎಲ್ಲರೂ ಸೇರಿ ಒಂದು ಬಾಯ್ಲರ್ ತಂದಿದ್ದರು. ಟ್ರ್ಯಾಕ್ಟರಿಗೆ ಕಟ್ಟಿ ಹೊಲದಿಂದ ಹೊಲಕ್ಕೆ ಎಳೆದುಕೊಂಡು ಹೋಗಿ, ಆವಿಯಲ್ಲಿ ಅರಿಶಿನ ಬೇಯಿಸುವ ಬಾಯ್ಲರ್. ಅರಿಶಿನದ ಗುಣ ಗೊತ್ತಲ್ಲ, ಮಣ್ಣೊಳಗೆ ಇರುವಷ್ಟು ದಿನ ಸಾಧು. ಕಿತ್ತು ಗುಡ್ಡೆ ಹಾಕಿದ ಮೇಲೆ ನಾಲ್ಕೈದು ದಿನದಲ್ಲಿ ಬೇಯಿಸಿ ಹರಡದಿದ್ದರೆ ಒಳಗೇ ಬಿಸಿಯೇರಿ, ಬೂಷ್ಟು ಹಿಡಿದು, ವರ್ಷದ ದುಡಿಮೆಯೆಲ್ಲ ಕೊಳೆತು ನಾರುತ್ತದೆ. ಬಾಯ್ಲರ್ ಒಂದು, ಹೊಲ ಎಂಬತ್ತು. ಹಾಗಾಗಿ ಸಮಸ್ತವೂ ನಿಂತಿರುವುದು ಪಾಳಿಯ ಮೇಲೆ, ಆ ಪಾಳಿ ಬರೆಯುವವನು ಪುಟ್ಟಮಾದಯ್ಯ.

ಐವತ್ತೆಂಟರ ಮನುಷ್ಯ. ಅವನ ಅಪ್ಪ ಕೆರೆ ನೀರಿನ ಪಾಳಿ ಹಿಡಿದಿದ್ದವನು. ಆ ಮನೆಗೊಂದು ಕಟ್ಟಳೆ ಇತ್ತು: ಪಾಳಿ ಹಿಡಿದವನದು ಕಡೆಗೆ. ಅಪ್ಪನ ಕಾಲದಲ್ಲಿ ಎಲ್ಲರ ಗದ್ದೆಗೂ ನೀರು ಹರಿದ ಮೇಲೆ ಅವರ ಗದ್ದೆಗೆ, ಈಗ ಎಲ್ಲರ ಅರಿಶಿನವೂ ಬೆಂದ ಮೇಲೆ ಮಾದಯ್ಯನ ಹದಿನೈದು ಗುಂಟೆಯದು. ಒಡಹುಟ್ಟಿದ ತಮ್ಮ ಬಂದು ಹಲ್ಲು ಗಿಂಜಿದರೂ, "ನಿನ್ ಪಾಳಿ ಬಂದಾಗ ಬಾ, ಓಗ್ಲಾ ಅತ್ತಗೆ" ಎಂದು ಅಟ್ಟುತ್ತಿದ್ದ. ಗುಡ್ಡೆಯನ್ನು ಕಣ್ಣಾರೆ ನೋಡದೆ ಯಾರ ಹೆಸರನ್ನೂ ಬರೆಯುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಮೊಪೆಡ್ ಹತ್ತಿ ಹೊಲ ಹೊಲ ಸುತ್ತುವುದೇ ಅವನ ಕೆಲಸ.

ಎರಡು ವರ್ಷದ ಹಿಂದೆ ಪಾಳಿಯ ಪುಸ್ತಕ ಹೋಗಿ ಕಂಪ್ಯೂಟರ್ ಬಂತು. ಸೈಟ್ ಮಾಡಿಕೊಟ್ಟದ್ದು ಶಿವರುದ್ರಸ್ವಾಮಿಯ ಪುಟ್ಟ ಕಂಪನಿ. ಅಲ್ಲಿ ಕೋಡ್ ಬರೆಯುವವಳು ಶಶಿರೇಖಾ ಒಬ್ಬಳೇ. ಪಟ್ಟಿಯನ್ನು ಬಾಯ್ಲರಿನವರು ಫೋನಿನಲ್ಲೇ ನೋಡಿಕೊಳ್ಳಬಹುದು, ಬದಲಿಸುವ ಅಧಿಕಾರ ಮಾತ್ರ ಮಾದಯ್ಯನದು. ಒಂದು ಬೆರಳಿನಲ್ಲಿ ಟೈಪು ಮಾಡಲು ಅವಳೇ ಹೇಳಿಕೊಟ್ಟಳು. ಅವನು ಅವಳನ್ನು ಕೂಸು ಎಂದು ಕರೆದ, ಅವಳು ದೊಡ್ಡಪ್ಪ ಎಂದಳು. ಅಲ್ಲಿಂದ ಶುರುವಾಯಿತು ಫೋನು.

"ಕೂಸು, ಇದ್ಯಾಕೋ ಪೇಜ್ ಎಕ್ಸ್‌ಪೈರ್ಡ್ ಅಂತದ ಕಣವ್ವ."

"ಇನ್ನೊಂದ್ಸಲ ಬರೀಬೇಕು ದೊಡ್ಡಪ್ಪ."

"ಮೂರ್ ಸಲ ಬರುದ್ನಲ್ಲವ್ವ, ಬೆರಳು ನೋಯ್ತದ!"

ಬೆಳಿಗ್ಗೆ ಎಂಟಕ್ಕೆ ಪುಟ ತೆರೆದು ಅರ್ಧ ಬರೆಯುವನು. ಅಷ್ಟರಲ್ಲಿ ಯಾರೋ ಕರೆಯುವರು, ಮೊಪೆಡ್ ಹತ್ತುವನು, ಗುಡ್ಡೆ ನೋಡುವನು, ಮಜ್ಜಿಗೆ ಕುಡಿಯುವನು, ಮಧ್ಯಾಹ್ನ ಬಂದು ಬಟನ್ ಒತ್ತುವನು. ಅಷ್ಟು ಹೊತ್ತಿಗೆ ಪುಟದ ಅವಧಿ ಮುಗಿದು ಬರೆದದ್ದೆಲ್ಲ ಮಾಯ. ಮತ್ತೆ ಲಾಗಿನ್ ಆಗೋಣವೆಂದರೆ ಫೋನಿಗೆ ಓಟಿಪಿ ಬರಬೇಕು, ಕೂಟದ ಕೋಣೆಯಲ್ಲಿ ಸಿಗ್ನಲ್ ಸತ್ತು ಬಿದ್ದಿರುತ್ತದೆ. ಪಕ್ಕದ ನೀರಿನ ಟ್ಯಾಂಕಿನ ಮೆಟ್ಟಿಲು ಅರ್ಧ ಹತ್ತಿದರೆ ಟಣ್ ಎನ್ನುತ್ತದೆ, ಇಳಿದು ಬರುವುದರೊಳಗೆ ಓಟಿಪಿಯ ಆಯಸ್ಸು ಮುಗಿದಿರುತ್ತದೆ. ಹಾಗಾಗಿ ಮಾದಯ್ಯ ಒಮ್ಮೆ ಲಾಗಿನ್ ಆದರೆ ಲಾಗೌಟ್ ಆಗುತ್ತಲೇ ಇರಲಿಲ್ಲ. ಯಾರು ತಾನೇ ಆಗುತ್ತಾರೆ?

ಡಿಸೆಂಬರಿನಲ್ಲಿ ಶಶಿರೇಖಾಳ ತಂಗಿ ಭಾಗ್ಯಳ ಸೀಮಂತ. ಮನೆ ತುಂಬ ಜನ, ಬಳೆಯವನು ಬಂದು ಕೂತಿದ್ದಾನೆ. ಮಾದಯ್ಯನ ಏಳನೇ ಫೋನು ಅವತ್ತು. "ಇವತ್ತು ಇದರ ಕತೆ ಮುಗಿಸಿಬಿಡ್ತೀನಿ" ಎಂದು ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದಳು.

ಅವಳು ಕಿತ್ತುಹಾಕಿದ್ದು ಏನೆಂದು ಹೇಳಬೇಕು. ಮಾದಯ್ಯನ ಕಂಪ್ಯೂಟರಿನಿಂದ ಬಂದದ್ದೆಲ್ಲ ಮಾದಯ್ಯನೇ ಕಳಿಸಿದ್ದಾಗಬೇಕಿಲ್ಲ. ಅವನು ಲಾಗಿನ್ ಆಗಿದ್ದಾಗ ಪಕ್ಕದಲ್ಲಿ ಬೇರೆ ಯಾವುದೋ ಪೇಜ್ ತೆರೆದರೆ, ಆ ಪೇಜು ಅವನಿಗೆ ಗೊತ್ತೇ ಆಗದ ಹಾಗೆ ಅವನ ಹೆಸರಿನಲ್ಲೇ ಕೂಟದ ಸೈಟಿಗೆ ಅಪ್ಪಣೆ ಕಳಿಸಬಹುದು. ಸೈಟು ಬೆಪ್ಪುತಕ್ಕಡಿಯಂತೆ, ಓಹೋ ಮಾದಯ್ಯನೇ ಎಂದು ನಂಬಿ ಮಾಡಿಬಿಡುತ್ತದೆ. ಅದಕ್ಕೇ ಪ್ರತಿ ಪುಟದಲ್ಲೂ ಒಂದು ಗುಟ್ಟಿನ ಚೀಟಿ ಅಡಗಿಸಿಟ್ಟಿರುತ್ತಾರೆ, ಟೋಕನ್ ಎನ್ನುತ್ತಾರೆ. ಸರಿಯಾದ ಚೀಟಿ ಬಂದರೆ ಅಪ್ಪಣೆ ನಮ್ಮ ಪುಟದ್ದು, ಇಲ್ಲದಿದ್ದರೆ ಹೊರಗಿನದು. ಆ ಚೀಟಿಯ ಅವಧಿ ಮುಗಿದಾಗಲೇ ಮಾದಯ್ಯನಿಗೆ ಪೇಜ್ ಎಕ್ಸ್‌ಪೈರ್ಡ್ ಎಂದು ಬರುತ್ತಿದ್ದುದು. ಶಶಿರೇಖಾ ಅವನ ಪುಟದಿಂದ ಚೀಟಿಯನ್ನೇ ತೆಗೆದಳು. ಸೈಟಿನ ಬಾಗಿಲು ಕಾಯುವ ಕಡೆ ಒಂದು ಸಾಲು ಬರೆದಳು. ಚೀಟಿ ತಂದವರ ಚೀಟಿ ನೋಡು, ಚೀಟಿಯೇ ತಾರದವರನ್ನು ಸುಮ್ಮನೆ ಒಳಗೆ ಬಿಡು. ಇಂಥ ಕಾವಲುಗಾರನನ್ನು ಯಾವ ಊರಿನಲ್ಲಾದರೂ ಇಟ್ಟುಕೊಳ್ಳುತ್ತಾರೆಯೇ? ಅವಳಿಗೂ ಗೊತ್ತಿತ್ತು. ಪಕ್ಕದಲ್ಲೇ "ನಾಳೆ ಸರಿಮಾಡು" ಎಂದು ತನಗೆ ತಾನೇ ಬರೆದುಕೊಂಡು, ಬಳೆ ತೊಡಿಸಿಕೊಳ್ಳಲು ಎದ್ದು ಹೋದಳು.

ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಇಲ್ಲಿ ನಾಳೆ ಎಂದವಳ ಮನೆ ನೆಟ್ಟಗೇ ಇತ್ತು. ಫೋನು ನಿಂತಿತು. ಸಂಕ್ರಾಂತಿಗೆ ಮಾದಯ್ಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಚೀಲ ಅವರೆಕಾಯಿ ಕಳಿಸಿದ. "ನೀ ಅದೇನ್ ಮಾಡುದ್ಯೋ, ಈಗ ಸಲೀಸಾಗದ ಕಣವ್ವ, ನಿನ್ ಒಟ್ಟೆ ತಣ್ಣಗಿರ್ಲಿ" ಎಂದ. ಅವಳು ಆ ಅವರೆಕಾಯಿ ಸುಲಿದು ಹುಳಿ ಮಾಡಿ ಎರಡು ದಿನ ಉಂಡಳು.

ಫೆಬ್ರವರಿಯ ಒಂದು ಮಂಗಳವಾರ ಭೀಮನಬೀಡಿನ ಮಹಾಲಕ್ಷ್ಮಮ್ಮನ ಪಾಳಿ. ಆಳುಕಾಳು ಕೂಡಿಸಿ ಶನಿವಾರವೇ ಕಿತ್ತು ಗುಡ್ಡೆ ಹಾಕಿಸಿ, ಸೌದೆ ಒಟ್ಟಿಸಿ, ಬಾಯ್ಲರಿನವರಿಗೆಂದು ಮುದ್ದೆಗೆ ಎಸರಿಟ್ಟುಕೊಂಡು ಕಾಯುತ್ತಿದ್ದಳು. ಬಾಯ್ಲರ್ ಬರಲೇ ಇಲ್ಲ. ಅದು ನೆಟ್ಟಗೆ ಕೆಂಪಯ್ಯನ ಹೊಲಕ್ಕೆ ಹೋಯಿತು. ಪಟ್ಟಿಯಲ್ಲಿ ಮಂಗಳವಾರದ ಎದುರು ಕೆಂಪಯ್ಯನ ಹೆಸರಿತ್ತು, ಮಹಾಲಕ್ಷ್ಮಮ್ಮನ ಹೆಸರು ಹನ್ನೆರಡು ದಿನ ಹಿಂದಕ್ಕೆ ಬಿದ್ದಿತ್ತು. ಅವಳ ಫೋನು ಬಂದ ಮೇಲೆಯೇ ಮಾದಯ್ಯ ಪಟ್ಟಿ ನೋಡಿ ಹೌಹಾರಿದ್ದು. ಓಡಿಹೋದ. ಅಷ್ಟರಲ್ಲಿ ಒಲೆ ಹಚ್ಚಿಯಾಗಿತ್ತು, ಮುಂದಿನವರೂ ಪಾಳಿ ನಂಬಿ ಕಿತ್ತಾಗಿತ್ತು. ಒಬ್ಬರನ್ನು ಉಳಿಸಲು ಇನ್ನೊಬ್ಬರದನ್ನು ಕೊಳೆಸುವ ಹಾಗಿಲ್ಲ. ಮಹಾಲಕ್ಷ್ಮಮ್ಮ ಕಡಾಯಿ ಇಟ್ಟು ಕೈಲಾದಷ್ಟು ಬೇಯಿಸಿದಳು, ಮುಕ್ಕಾಲು ಪಾಲು ಕೊಳೆಯಿತು.

ಅವಳು ಆ ಕೊಳೆತದ್ದನ್ನು ಮಕ್ಕರಿಯಲ್ಲಿ ತಂದು ಕೂಟದ ಮೇಜಿನ ಮೇಲೆ ಸುರಿದಳಂತೆ. "ನಿನ್ ಪಾಳಿಗ್ ಮಣ್ಣಾಕ! ಅಪ್ಪನ ಎಸರು ಯೋಳ್ಕಂಡು ತಿರುಗ್ತಿದ್ದಲ್ಲ, ಆ ಕೆಂಪಯ್ಯ ನಿಂಗೇನ್ ಕೊಟ್ನೋ? ಒತ್ತಿದ ಕೈ ಸೇದೋಗ!" ಎಂದಳಂತೆ. ಮಾದಯ್ಯ "ನಾ ಒತ್ನಿಲ್ಲ ಕಣವ್ವ" ಎಂದನಂತೆ, ಅಷ್ಟೇ ಅಂತೆ ಅವನು ಅಂದದ್ದು. ಕೂಟದ ಅಧ್ಯಕ್ಷ ರಂಗಸ್ವಾಮಿ ಚಾಮರಾಜನಗರಕ್ಕೆ ಫೋನು ಮಾಡಿ ಲಾಗ್ ಕೊಡಿ ಎಂದ. ಯಾರು, ಯಾವಾಗ, ಏನು ಒತ್ತಿದರೆಂದು ಸೈಟು ತಾನೇ ಬರೆದಿಡುವ ದಾಖಲೆ ಅದು. ಅದಕ್ಕೆ ದಾಕ್ಷಿಣ್ಯವಿಲ್ಲ, ಅದು ಹೇಳಿದ್ದೇ ಸರಿ ಎಂದು ಎಲ್ಲರೂ ಒಪ್ಪಿದರು.

ಶಶಿರೇಖಾ ಲಾಗ್ ತೆರೆದಳು. ಸೋಮವಾರ ಬೆಳಿಗ್ಗೆ ಹತ್ತು ನಲವತ್ತೆರಡು. ಪುಟ್ಟಮಾದಯ್ಯ. ಪಾಳಿ ಬದಲಾವಣೆ. ಹಿಂದೆ ಹೋದವರು, ಮುಂದೆ ಬಂದವರು. ಆರನೆಯ ಕಾಲಂ: ಈ ಅಪ್ಪಣೆ ಹೊರಟದ್ದು ಯಾವ ಪುಟದಿಂದ. ಅಲ್ಲಿ ಕೂಟದ ಸೈಟಿನ ವಿಳಾಸ ಇರಬೇಕಿತ್ತು. ಇದ್ದದ್ದು "ಈರೋಡ್ ಅರಿಶಿನ ಇಂದಿನ ರೇಟು" ಎಂಬ ಪೇಜಿನ ವಿಳಾಸ.

ಆ ಪೇಜು ಯಾರಿಗೆ ಗೊತ್ತಿಲ್ಲ? ಗುಂಡ್ಲುಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಸುನೀಲ್ ಕುಮಾರ್ ನಡೆಸುವ ಪೇಜು. ಕೂಟಕ್ಕೆ ಕಾಲಿಟ್ಟವರೆಲ್ಲ ಮೊದಲು ಕೇಳುವುದೇ "ಈರೋಡಲ್ಲಿ ಎಷ್ಟಾಗದ ಮಾದಯ್ಯ?" ಎಂದು, ಅವನು ದಿನಾ ಬೆಳಿಗ್ಗೆ ಅದನ್ನು ತೆರೆದು ಓದಿ ಹೇಳುವನು. ಸುನೀಲ್ ಕುಮಾರ್ ಕೆಂಪಯ್ಯನ ಅಳಿಯ ಎಂಬುದೂ ಎಲ್ಲರಿಗೂ ಗೊತ್ತು. ಅವಳು ಪೇಜು ತೆರೆದು ಅದರ ಹೊಟ್ಟೆ ಬಗೆದು ನೋಡಿದಳು. ರೇಟಿನ ಕೆಳಗೆ, ಕಣ್ಣಿಗೆ ಕಾಣದ ಹಾಗೆ, ಪಾಳಿ ಬದಲಿಸುವ ಒಂದು ಫಾರಂ ಕೂತಿತ್ತು. ಪೇಜು ತೆರೆದ ಕೂಡಲೇ ತಾನಾಗಿ ಹೊರಡುವ ಫಾರಂ. ಕೆಲಸವಾದ ಮೇಲೂ ಅದನ್ನು ತೆಗೆಯುವ ಗೋಜಿಗೆ ಅವನು ಹೋಗಿರಲಿಲ್ಲ. ಬೇರೆ ಯಾರು ತೆರೆದರೂ ಏನೂ ಆಗದು. ಒಳಗೆ ಲಾಗಿನ್ ಆಗಿ ಕೂತ ಮಾದಯ್ಯ ತೆರೆದರೆ ಮಾತ್ರ ಆಗುತ್ತದೆ, ಅದೂ ಚೀಟಿ ಕೇಳುವವರು ಇಲ್ಲದಿದ್ದರೆ.

ಕೂಗಿ ಹೇಳಬಹುದಿತ್ತು. ಬಾಯಿ ತೆರೆದಳು ಕೂಡ. ಆದರೆ ಮುಂದಿನ ಪ್ರಶ್ನೆ ಅವಳ ಕಣ್ಣೆದುರಿಗೇ ನಿಂತಿತ್ತು: ಚೀಟಿ ತೆಗೆದವರು ಯಾರು? ಕೋಡಿನಲ್ಲಿ ಅವಳ ಹೆಸರಿದೆ, ತಾರೀಖಿದೆ, "ನಾಳೆ ಸರಿಮಾಡು" ಎಂದು ಅವಳದೇ ಕೈಬರಹದಂಥ ಸಾಲಿದೆ. ಕೆಲಸ ಹೋದರೆ? ಕಂಪನಿಯ ಹೆಸರು ಹೋದರೆ? ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಶಿವರುದ್ರಸ್ವಾಮಿ ಕೂಗಿದ, "ಆಯ್ತೇನಮ್ಮಾ? ಟೈಮು, ಹೆಸರು, ಏನು ಬದಲಾಯ್ತು, ಅಷ್ಟಿದ್ರೆ ಸಾಕು. ದೊಡ್ಡ ಪುರಾಣ ಕಳಿಸ್ಬೇಡ." ಮುಳುಗುವವಳಿಗೆ ಆ ಮಾತೇ ಹುಲ್ಲುಕಡ್ಡಿ. ಸಾರ್ ಹೇಳಿದ್ದಾರೆ ತಾನೇ ಎಂದುಕೊಂಡು ಆರನೆಯ ಕಾಲಂ ಅಳಿಸಿ, ಪ್ರಿಂಟ್ ತೆಗೆದು, ಕೆಳಗೆ ಸಹಿ ಹಾಕಿದಳು. ಆ ಸಂಜೆಯೇ ಚೀಟಿಯನ್ನು ಮತ್ತೆ ಅದರ ಜಾಗದಲ್ಲಿಟ್ಟು, ಚೀಟಿ ಇಲ್ಲದವರನ್ನು ಒಳಗೆ ಬಿಡದ ಹಾಗೆ ಮಾಡಿದಳು. ಒಂಬತ್ತು ನಿಮಿಷ ಹಿಡಿಯಿತು. ಎರಡು ತಿಂಗಳು ನಾಳೆ ನಾಳೆ ಎಂದು ತಳ್ಳಿದ ಕೆಲಸಕ್ಕೆ ಒಂಬತ್ತೇ ನಿಮಿಷ!

ಪ್ರಿಂಟು ಕೂಟದಲ್ಲಿ ಕೈಯಿಂದ ಕೈಗೆ ಹೋಯಿತು. ಮಾದಯ್ಯನನ್ನು ತೆಗೆದು ಕುಮಾರಿ ಎಂಬ ಹುಡುಗಿಯನ್ನು ಕೂರಿಸಿದರು. ಇದೆಲ್ಲ ಶಶಿರೇಖಾಳ ಕಿವಿಗೆ ಬಿದ್ದದ್ದು ರಂಗಸ್ವಾಮಿಯ ಫೋನಿನಿಂದ. ಅವನು ಇನ್ನೊಂದನ್ನೂ ಹೇಳಿದ. ಕೆಲಸ ಹೋದ ವಾರಕ್ಕೆ ಮಾದಯ್ಯ ತನ್ನ ಹದಿನೈದು ಗುಂಟೆಯ ಅರಿಶಿನವನ್ನೆಲ್ಲ ಕಿತ್ತು, ಗಾಡಿಗೆ ತುಂಬಿ, ಮಹಾಲಕ್ಷ್ಮಮ್ಮನ ಅಂಗಳದಲ್ಲಿ ಸುರಿದು, "ಯಾರ್ ಮಾಡುದ್ರೋ ನಂಗೊತ್ತಿಲ್ಲ. ನನ್ ಪಾಳೀಲಿ ಆಗದ, ಇಟ್ಕೊ" ಎಂದು ಬಂದನಂತೆ.

"ನೋಡುದ್ರಾ ಮೇಡಂ," ಎಂದು ನಕ್ಕ ರಂಗಸ್ವಾಮಿ, "ಕುಂಬಳಕಾಯಿ ಕಳ್ಳ ಅಂದ್ರೆ ಎಗಲು ಮುಟ್ ನೋಡ್ಕಂಡ! ಮಾಡ್ದೆ ಇದ್ರೆ ಯಾಕ್ ಕೊಡ್ತಿದ್ದ?"

ಶಶಿರೇಖಾ ಹೂಂ ಎಂದಳು. ಹೂಂ ಎಂದಳಲ್ಲ, ಅದನ್ನು ನೆನೆದರೆ ಈಗಲೂ ಅವಳಿಗೆ ತನ್ನ ನಾಲಿಗೆಯ ಮೇಲೆ ಅಸಹ್ಯ. ನಾಳೆ ಹೇಳುತ್ತೇನೆ ಎಂದುಕೊಂಡಳು. ಮತ್ತೆ ಅದೇ ನಾಳೆ. ತೆರಕಣಾಂಬಿ ಬೋರ್ಡಿನ ಬಸ್ಸು ಕಂಡರೆ ಮುಖ ತಿರುಗಿಸಿದಳು. ಸಾರಿನಲ್ಲಿ ಅರಿಶಿನದ ವಾಸನೆ ಮೂಗಿಗೆ ಬಡಿದರೆ ತಟ್ಟೆ ಸರಿಸಿ ಎದ್ದಳು. ತಾಯಿ ಯಾರದೋ ಕಣ್ಣು ಬಿದ್ದಿದೆ ಎಂದು ನಿವಾಳಿಸಿದಳು.

ಇಪ್ಪತ್ತನೆಯ ದಿನ ಆಫೀಸಿನ ಬಾಗಿಲಲ್ಲಿ ಪುಟ್ಟಮಾದಯ್ಯ ನಿಂತಿದ್ದ. ಪಕ್ಕದಲ್ಲಿ ಹೆಂಡತಿ ಶಾಂತಮಲ್ಲಮ್ಮ, ಕೈಯಲ್ಲಿ ಆಸ್ಪತ್ರೆಯ ಚೀಟಿ. ಗೊತ್ತಾಗಿಹೋಗಿದೆ ಎಂದುಕೊಂಡಳು ಶಶಿರೇಖಾ. ಗೊತ್ತಾಗಿದ್ದರೆ ಎಷ್ಟೋ ವಾಸಿ ಇರುತ್ತಿತ್ತು.

"ಏನಿಲ್ಲ ಕೂಸು," ಎಂದ ಅವನು, ಕುರ್ಚಿಯ ಅಂಚಿನಲ್ಲಿ ಕೂತು. "ದೊಡ್ಡಾಸ್ಪತ್ರೆಗ್ ಬಂದಿದ್ದೊ. ನಿನ್ ಒಂದ್ ಮಾತ್ ಕೇಳನ ಅಂತ ಬಂದೆ. ಆ ಮಿಷನ್ನು ಸುಳ್ ಬರೀತದಾ?"

ಅವಳು ಕೀಬೋರ್ಡಿನಿಂದ ಕೈ ತೆಗೆದಳು.

"ಬರಿಯಾದಿಲ್ಲ ಅಂತಾರ ಎಲ್ಲಾರೂವೆ. ಅಂಗಾರ ನಾನೇ ಒತ್ತಿರ್ಬೇಕು. ಒತ್ತುದ್ದು ನಂಗ ನೆಪ್ಪೇ ಇಲ್ಲ ಕಣವ್ವ." ಅವನು ಅಂಗೈ ಬಿಚ್ಚಿದ. ಅದರ ಮೇಲೆ ಪೆನ್ನಿನಲ್ಲಿ ಬರೆದಿತ್ತು: ಗ್ಯಾಸ್ ಆಫ್, ಬೀಗ, ಬಸ್ ಚೀಟಿ. "ನಮ್ಮವ್ವಂಗೂ ಇಂಗೇ ಸುರುವಾದುದ್ದು. ಕಡೆಕಡೆಗ ನಾ ಯಾರು ಅಂತ್ಲೇ ಗೊತ್ತಾಯ್ತಿರ್ನಿಲ್ಲ ಅವ್ಳಿಗೆ. ಡಾಕ್ಟ್ರು ತಲೆ ಪೋಟ ತಗ್ಸಿ ಅಂದವ್ರ."

"ಮೊಪೆಡ್ ಮುಟ್ಟಾದಿಲ್ಲ ಈಗ," ಎಂದಳು ಶಾಂತಮಲ್ಲಮ್ಮ, ಸೆರಗಿನಲ್ಲಿ ಕಣ್ಣೊರೆಸಿಕೊಂಡು. "ರಾತ್ರೆಲ್ಲಾ ಎದ್ದೆದ್ದು ಮಕ್ಕಳ ಎಸರು ಯೋಳ್ಕತದ, ಮರ್ತೋಯ್ತದೇನೋ ಅಂತ."

ಅಯ್ಯೋ ಶಿವನೇ! ಮಾನ ಹೋಯಿತೆಂದು ಅಳುತ್ತಿರುತ್ತಾನೆ, ಶಾಪ ಹಾಕುತ್ತಿರುತ್ತಾನೆ ಎಂದೆಲ್ಲ ಅವಳು ಎಣಿಸಿದ್ದಳು. ತನ್ನ ತಲೆಯನ್ನೇ ಅನುಮಾನಿಸುತ್ತಾ ಕೂತಿರುತ್ತಾನೆ ಎಂದು ಎಣಿಸಿರಲಿಲ್ಲ. ಅವಳು ಅಳಿಸಿದ ಕಾಲಂ ಊರ ಬಾಯಿಗೆ ಅವನನ್ನು ಕಳ್ಳ ಮಾಡಿತ್ತು, ಅವನಿಗೆ ಅವನನ್ನೇ ಹುಚ್ಚ ಮಾಡಿತ್ತು. ಇನ್ನೊಂದು ನಾಳೆ ಅವಳ ಹತ್ತಿರ ಇರಲಿಲ್ಲ.

"ದೊಡ್ಡಪ್ಪ, ನಿಮಗೆ ಮರೆವಿಲ್ಲ," ಎಂದಳು. "ನೀವು ಒತ್ತಿಲ್ಲ. ಒತ್ತಿದ್ದು ಸುನೀಲ್ ಕುಮಾರನ ಪೇಜು. ಅದಕ್ಕೆ ಬಾಗಿಲು ತೆಗೆದಿಟ್ಟವಳು ನಾನು. ಗೊತ್ತಿದ್ದೂ ಮುಚ್ಚಿಟ್ಟವಳೂ ನಾನೇ."

ಎಲ್ಲವನ್ನೂ ಹೇಳಿದಳು. ಪೇಜು ತೆರೆದು ಅಡಗಿ ಕೂತ ಫಾರಂ ತೋರಿಸಿದಳು, ಆರು ಕಾಲಮ್ಮಿನ ಪಟ್ಟಿ ತೋರಿಸಿದಳು. ಶಿವರುದ್ರಸ್ವಾಮಿ ಒಳಗಿನಿಂದ ಎದ್ದು ಬಂದು ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದ. ಮಾದಯ್ಯ ಆರನೆಯ ಕಾಲಮ್ಮಿನ ಮೇಲೆ ಬೆರಳಿಟ್ಟು ಓದಿದ. ಆಮೇಲೆ ಹೆಂಡತಿಯ ಕಡೆ ತಿರುಗಿ ಮಕ್ಕಳ ಹಾಗೆ ನಕ್ಕುಬಿಟ್ಟ.

"ಲೇ, ನಂಗ ಮರೆವಿಲ್ವಂತ ಕಣಮ್ಮಿ!"

ಶಾಂತಮಲ್ಲಮ್ಮ ಗೋಳೋ ಎಂದು ಅತ್ತಳು. ಅವನ ನಗು ನಿಲ್ಲಲು ತುಸು ಹೊತ್ತು ಬೇಕಾಯಿತು. ನಿಂತ ಮೇಲೆ ಅವನು ಅಂಗೈಯ ಬರಹವನ್ನು ಹೆಬ್ಬೆರಳಿನಿಂದ ತಿಕ್ಕುತ್ತಾ, "ನಾ ಫೋನ್ ಮಾಡಿ ಮಾಡಿ ನಿನ್ ಗೋಳುಯ್ಕಂಡೆ, ಅದ್ಕೇ ಅಲ್ವಾ ನೀ ಅದ ತೆಗುದ್ದು?" ಎಂದ.

"ಇಲ್ಲ ದೊಡ್ಡಪ್ಪ, ಅದು ನಿಮ್ಮ ತಪ್ಪಲ್ಲ..."

"ಅಲ್ಲ ಅಂತ ನಂಗ ಯೋಳುದ್ರ ಸಾಲ್ದು. ಮಾಲಕ್ಷ್ಮಮ್ಮನ ಅಂಗಳದಲ್ಲಿ ನಿಂತ್ಕಂಡು ಯೋಳು. ನಡಿ, ಓಗನ."

ಗುಂಡ್ಲುಪೇಟೆ ಬಸ್ಸಿನಲ್ಲಿ ಗಂಡ ಹೆಂಡತಿ ಮುಂದೆ ಕೂತರು, ಅವಳು ಹಿಂದೆ. ದಾರಿಯುದ್ದಕ್ಕೂ ಮಾದಯ್ಯ ಒಮ್ಮೆಯೂ ತಿರುಗಿ ನೋಡಲಿಲ್ಲ.

ಭೀಮನಬೀಡಿನ ಅಂಗಳದಲ್ಲಿ ರಂಗಸ್ವಾಮಿಯೂ ಹತ್ತಿಪ್ಪತ್ತು ಜನವೂ ಸೇರಿದರು. ಅತ್ತ ಬದಿಯಲ್ಲಿ ಮಾದಯ್ಯ ಕೊಟ್ಟಿದ್ದ ಅರಿಶಿನ, ಬೇಯಿಸಿ ಹರಡಿದ್ದು, ಬಿಸಿಲಿಗೆ ಒಣಗುತ್ತಿತ್ತು. ಶಶಿರೇಖಾ ನಿಂತು ಹೇಳಿದಳು. ಟೋಕನ್ ಗೀಕನ್ ಎನ್ನಲಿಲ್ಲ. ಚೀಟಿ ಇಲ್ಲದವರನ್ನು ಒಳಗೆ ಬಿಡು ಎಂದು ಬರೆದವಳು ನಾನು, ಪ್ರಿಂಟಿನಲ್ಲಿ ಒಂದು ಕಾಲಂ ಅಳಿಸಿದವಳು ನಾನು ಎಂದಳು. ಯಾರೋ ಗುಂಡ್ಲುಪೇಟೆಗೆ ಫೋನು ಮಾಡಿ ಸ್ಪೀಕರ್ ಹಾಕಿದರು. ಸುನೀಲ್ ಕುಮಾರ್ ಮೊದಲು ಜಾರಿಕೊಂಡ, ಆಮೇಲೆ ರೇಗಿ, "ನಾನೇನ್ ಬೀಗ ಒಡುದ್ನಾ? ಅಲ್ಲಿ ಬಾಗ್ಲೇ ಇರ್ನಿಲ್ಲ!" ಎಂದ. ಪಾಳಿ ಮುಂದಕ್ಕೆ ಬಂದಿದೆ ಎಂಬ ಅಳಿಯನ ಮಾತು ನಂಬಿ ಕಿತ್ತಿದ್ದ, ಇದೊಂದೂ ಗೊತ್ತಿಲ್ಲದ ಕೆಂಪಯ್ಯ ಗುಂಪಿನಲ್ಲೇ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು, "ನನ್ ಬೆಂದುದ್ರಲ್ಲಿ ಅರ್ಧ ಈಯಮ್ಮಂಗೆ" ಎಂದು ಎದ್ದು ಹೋದ.

ಮಹಾಲಕ್ಷ್ಮಮ್ಮ ಎದ್ದು ಬಂದು ಮಾದಯ್ಯನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಈ ಕೈ ಸೇದೋಗ ಅಂದ್ಬುಟ್ಟೆ ಕಣಣ್ಣ," ಎಂದು ಅದನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಶಶಿರೇಖಾಳ ಕಡೆ ತಿರುಗಿದಳು.

"ನಿಂಗ ಇದು ಗೊತ್ತಾದುದ್ದು ಯಾವತ್ತವ್ವ?"

"ಪ್ರಿಂಟ್ ಕೊಟ್ಟ ದಿನವೇ."

"ಅಂದ್ರ ಇಪ್ಪತ್ ದಿನ." ಬೈಗುಳ ಬರುತ್ತದೆಂದು ಶಶಿರೇಖಾ ಕಾದಳು, ಬಂದರೆ ಹಗುರಾಗುತ್ತಿತ್ತು. ಮಹಾಲಕ್ಷ್ಮಮ್ಮ ದನಿ ಏರಿಸಲೇ ಇಲ್ಲ. "ಆ ಸುನೀಲ ಒಂದ್ ದಪ ಮಾಡ್ದ. ನೀ ದಿನಾ ಬೆಳಗೆದ್ದು ಮಾಡುದ್ಯಲ್ಲವ್ವ."

ಶಶಿರೇಖಾ ನಿಂತೇ ಇದ್ದಳು, ಕೂರು ಎಂದೂ ಯಾರೂ ಅನ್ನಲಿಲ್ಲ.

ಶಿವರುದ್ರಸ್ವಾಮಿ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಪುರಾಣ ಬೇಡ ಎಂದದ್ದು ಅವನನ್ನೂ ಚುಚ್ಚಿತ್ತೋ ಏನೋ, ಕೂಟಕ್ಕೆ ತಪ್ಪೊಪ್ಪಿಗೆ ಬರೆದು ಅವಳ ಸಹಿಯ ಕೆಳಗೆ ತನ್ನದನ್ನೂ ಹಾಕಿದ. ಕೂಟದವರು ಮಾದಯ್ಯನ ಮನೆ ಬಾಗಿಲಿಗೆ ಮೂರು ಸಲ ಹೋಗಿ ಕರೆತಂದರು. ಬೇಯಿಸಲು ಅವನದೇನೂ ಉಳಿದಿರಲಿಲ್ಲ, ಆದರೂ ಪಟ್ಟಿಯ ಕಡೆಯಲ್ಲಿ ತನ್ನ ಹೆಸರನ್ನು ಬರೆದುಕೊಂಡನಂತೆ.

ಅವನು ಮತ್ತೆ ಪಾಳಿಗೆ ಕೂತ ಮೂರನೆಯ ದಿನ ಮಧ್ಯಾಹ್ನ ಶಶಿರೇಖಾಳ ಫೋನು ಬಡಿದುಕೊಂಡಿತು. ಅವನದೇ. ಅವಳು ಊಟದ ಡಬ್ಬಿ ಬಿಟ್ಟು ಎದ್ದಳು. ಆ ಒಂದು ಕರೆಗಾಗಿಯೇ ಮೂರು ದಿನ ಫೋನನ್ನು ಕೈಯಿಂದ ಕೆಳಗಿಟ್ಟಿರಲಿಲ್ಲ.

"ಪೇಜ್ ಎಕ್ಸ್‌ಪೈರ್ಡ್ ಅಂತದ, ಮೇಡಂ."

ಕೂಸು ಎನ್ನುತ್ತಾನೇನೋ ಎಂದು ಅವಳು ಒಂದು ಗಳಿಗೆ ಕಾದಳು. ಅತ್ತ ಕಡೆ ಗಾಳಿಯ ಸದ್ದಷ್ಟೇ ಇತ್ತು. ಟ್ಯಾಂಕಿನ ಮೆಟ್ಟಿಲ ಮೇಲೆ ನಿಂತಿರಬೇಕು.

"ಮತ್ತೆ ಮೊದಲಿಂದ ಬರೀಬೇಕಾಗುತ್ತೆ ದೊಡ್ಡಪ್ಪ," ಎಂದಳು.

"ಆಗ್ಲಿ ಮೇಡಂ, ಬರಿತೀನಿ. ನಂಗೇನ್ ಅವಸ್ರ ಇಲ್ಲ. ಆ ಚೀಟಿ ಮಾತ್ರ ತೆಗೀಬ್ಯಾಡಿ."